ಒಂದು ದಿನ ಮೊದಲೇ ಹುಟ್ಟಿದ ಮಕ್ಕಳು

ಆಫೀಸಿನಲ್ಲಿ ಅವಳಿಗೆ ಬಿದ್ದ ಹೆಸರು ಕ್ಯಾಲೆಂಡರಮ್ಮ. ಏಳು ವರ್ಷ ಆಸ್ಪತ್ರೆಯ ನೋಂದಣಿ ಮೇಜಿನಲ್ಲಿ ಕೂತು ಮಕ್ಕಳ ಹುಟ್ಟಿದ ದಿನ ಬರೆದುಕೊಂಡವಳು, ಆಮೇಲೆ ಪ್ರೋಗ್ರಾಮಿಂಗ್ ಕಲಿತು ಅದೇ ಆಸ್ಪತ್ರೆಯ ಲಸಿಕೆ ವೆಬ್‌ಸೈಟಿನ ತಾರೀಖುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಕೈಹಿಡಿದು ಕಲಿಸಿದವಳು ಪಕ್ಕದ ಕುರ್ಚಿಯ ಹಿರಿಯಳು. ಇವಳ ಬಾಯಲ್ಲಿ ‘ಅಕ್ಕ’.

ಹೆರಿಗೆ ರಜೆ ಮುಗಿಸಿ ಬಂದ ಮೂರನೇ ಬೆಳಿಗ್ಗೆಯೇ ದೂರುಗಳು ಶುರುವಾದವು. ಲಸಿಕೆಗೆ ಬನ್ನಿ ಎಂಬ ಸಂದೇಶ ಒಂದು ದಿನ ಮುಂಚೆಯೇ ಹೋಗುತ್ತಿತ್ತು. ಹಸುಗೂಸು ಎತ್ತಿಕೊಂಡು ಬಂದ ತಾಯಂದಿರನ್ನು ನರ್ಸ್ ಕಾರ್ಡ್ ನೋಡಿ, ನಾಳೆ ಬನ್ನಿ ಎಂದು ಬಾಗಿಲಿನಿಂದಲೇ ಕಳಿಸುತ್ತಿದ್ದಳು.

ಅವಳು ಕೋಡ್ ತೆರೆದಳು. ಹುಟ್ಟಿದ ದಿನವನ್ನು ಅವಳು ಬರೀ ದಿನವಾಗಿಯೇ ಇಟ್ಟಿದ್ದಳು. ವರ್ಷ, ತಿಂಗಳು, ತಾರೀಖು, ಅಷ್ಟೆ. ಈಗ ಅದಕ್ಕೆ ಮಧ್ಯರಾತ್ರಿ ಹನ್ನೆರಡು ಗಂಟೆಯನ್ನು ಅಂಟಿಸಲಾಗಿತ್ತು. ದೂರದೇಶದ ಸರ್ವರಿನ ಗಡಿಯಾರವೋ ಐದೂವರೆ ಗಂಟೆ ಹಿಂದೆ. ಇಲ್ಲಿ ಹನ್ನೆರಡು ಹೊಡೆದಾಗ ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ ಆರೂವರೆ. ಅದರ ಲೆಕ್ಕದಲ್ಲಿ ಮಕ್ಕಳೆಲ್ಲ ಒಂದು ದಿನ ಮೊದಲೇ ಹುಟ್ಟಿಬಿಟ್ಟಿದ್ದರು. ಬದಲಾವಣೆ ಒಂದೂವರೆ ತಿಂಗಳ ಹಿಂದಿನದು; ಆಮೇಲೆ ಹುಟ್ಟಿದ ಮಕ್ಕಳ ಒಂದೂವರೆ ತಿಂಗಳ ಲಸಿಕೆ ಈಗಷ್ಟೇ ಶುರುವಾಗಿತ್ತು. ಮಾಡಿದವರ ಜಾಗದಲ್ಲಿ ಅಕ್ಕನ ಹೆಸರಿತ್ತು.

“ಅಕ್ಕ, ಇದು...”

“ನೋಡಿದೆ ಕಣೇ. ಎಲ್ಲ ತಾರೀಖೂ ಒಂದೇ ಥರ ಇರ್ಲಿ ಅಂತ ಮಾಡ್ದೆ, ಹೀಗಾಯ್ತು. ಸಾಹೇಬ್ರು ಕೇಳಿದ್ರೆ ತಪ್ಪು ನಿಂದೇ ಅಂತ ಒಪ್ಕೊಂಡ್ಬಿಡು. ಬಾಣಂತಿ ಮೇಲೆ ಯಾರು ರೇಗ್ತಾರೆ?”

“ಮುಂದಿನ ವಾರ ನನ್ನ ಕೆಲಸ ಖಾಯಂ ಮಾಡೋದೋ ಬೇಡ್ವೋ ಅಂತ ತೀರ್ಮಾನ ಆಗ್ಬೇಕಕ್ಕ.”

“ಅಯ್ಯೋ ಹುಚ್ಚಿ, ಅದಕ್ಕೆ ನಾನಿಲ್ವಾ!”

ನಾನಿಲ್ವಾ ಅಂದಮೇಲೆ ಅಕ್ಕ ತಾನೇ ಒಪ್ಪಿಕೊಳ್ಳುತ್ತಾಳೆಂದು ನಂಬಿ, ಅವಳು ಸಾಹೇಬರ ಹತ್ತಿರ ಹೋಗಲಿಲ್ಲ. ಮಧ್ಯಾಹ್ನ ಮೀಟಿಂಗಿನಲ್ಲಿ ಸಾಹೇಬರು ಕೇಳಿದ್ದೇ ತಡ, ಅಕ್ಕ ಬಾಯಿ ತೆರೆದಳು.

“ಪಾಪ ಸಾರ್, ಮಗು ಇನ್ನೂ ಚಿಕ್ಕದು, ಇವಳಿಗೆ ಸರಿಯಾಗಿ ನಿದ್ದೆ ಇಲ್ಲ. ತಾರೀಖಿನ ಕೆಲಸವೆಲ್ಲ ಇವಳದೇ ಅಲ್ವಾ?”

ಒಂದೊಂದು ಮಾತೂ ನಿಜ. ಬೆನ್ನು ಸವರುವ ಅದೇ ಮೆತ್ತನೆ ದನಿ. ಅವಳು ಲ್ಯಾಪ್‌ಟಾಪನ್ನು ಸಾಹೇಬರ ಕಡೆ ತಿರುಗಿಸಿದಳು.

“ಈ ಸಾಲು ಸೇರಿದಾಗ ನಾನು ರಜೆಯಲ್ಲಿದ್ದೆ ಸಾರ್. ದಿನ, ಹೆಸರು ಎರಡೂ ಇಲ್ಲಿವೆ.”

ಸಾಹೇಬರು ಓದಿದರು. “ಬೆಳಿಗ್ಗೆನೇ ಯಾಕಮ್ಮ ಹೇಳ್ಲಿಲ್ಲ?”

“ಅವರೇ ಹೇಳ್ತಾರೆ ಅಂದ್ಕೊಂಡಿದ್ದೆ.”

ಅಕ್ಕ ಫೋನಿನಲ್ಲಿ ಏನೋ ನೋಡುತ್ತಿದ್ದಳು.

ಸಂಜೆಯೊಳಗೆ ಆ ಸಾಲು ಅಳಿಸಿ, ವಾಪಸ್ಸಾಗಿದ್ದ ತಾಯಂದಿರಿಗೆಲ್ಲ ಅವಳೇ ಫೋನ್ ಮಾಡಿದಳು. ಮುಂದಿನ ವಾರ ಖಾಯಂ ಆದೇಶ ಕೈಗೆ ಬಂತು. ಯಾರಿಗೆ ಮೊದಲು ತೋರಿಸಬೇಕೆಂದು ವರ್ಷದಿಂದ ಅಂದುಕೊಂಡಿದ್ದಳೋ, ಆಕೆ ಒಂದು ಮೊಳ ದೂರದಲ್ಲೇ ಕೂತಿದ್ದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಮಗುವಿಗೆ ಹಾಲೂಡಿಸುವ ಹೊತ್ತಾಯಿತೆಂದು ಎದ್ದಳು.