ಹದಿನೈದನೇ ಸಂಚಿಕೆ ಕಾಣೆಯಾಗಿದ್ದ ಒಂಬತ್ತು ದಿನ

ಐದು ವರ್ಷದ ಹಿಂದಿನ ಫೈಲಿನಲ್ಲಿ ಹದಿನಾಲ್ಕನೇ ಸಂಚಿಕೆ ಎರಡಿದ್ದವು. ಅದರ ಮುಂದೆ ನೇರ ಹದಿನಾರು. ಹದಿನೈದು ಇರಲೇ ಇಲ್ಲ.

ಮತ್ತೆ ಮೊದಲಿಂದ ಎಣಿಸಿದೆ.

ಇದು ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ವಾರಪತ್ರಿಕೆಯಲ್ಲಿ ಟೈಪ್ ಮಾಡಿ ಪುಟ ಕಟ್ಟುತ್ತಿದ್ದ ಕಾಲದ ಮಾತು. 'ಶಿಫ್ಟ್ ಸಮಾಚಾರ' ಅಂತ ಹೆಸರು, ನಾಲ್ಕೇ ಪುಟ. ಸಂಪಾದಕರು ನಂಜುಂಡಪ್ಪ ಸಾರ್, ಮೊದಲು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ಓಡಿಸುತ್ತಿದ್ದವರು.

ಅವರು ಶುರು ಮಾಡಿದಾಗ ಅದು ಪತ್ರಿಕೆಯೇ ಅಲ್ಲ, ಒಂದು ಹಾಳೆ. ಯಾವ ಕ್ರಾಸಿನಲ್ಲಿ ಫಿಟ್ಟರ್ ಬೇಕು, ಎಲ್ಲಿ ಹೆಲ್ಪರ್ ಬೇಕು, ಎಲ್ಲಿ ರೂಮು ಖಾಲಿ ಇದೆ... ಇಷ್ಟೇ. ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತು ಅವರೇ ಹಂಚುತ್ತಿದ್ದರು.

ಆಮೇಲೆ ಬೀದಿದೀಪದ ದೂರು, ಕಾರ್ಮಿಕರ ಪತ್ರ, ಅವರ ಮಕ್ಕಳ ಚಿತ್ರ ಎಲ್ಲ ಸೇರಿ ನಾಲ್ಕು ಪುಟವಾಯಿತು. ನಮ್ಮ ಗದಗದ ಕಡೆಯಿಂದ ಬಂದ ಎಷ್ಟೋ ಜನಕ್ಕೆ ಮೊದಲ ಕೆಲಸ ಸಿಕ್ಕಿದ್ದು ಆ ಹಾಳೆಯಿಂದ. ನನ್ನ ಗಂಡನಿಗೂ.

ಹತ್ತನೇ ವರ್ಷಕ್ಕೆ ವಿಶೇಷ ಸಂಚಿಕೆ ತರೋಣ ಅಂದ ಸಾರ್, ನನ್ನ ಕಡೆ ತಿರುಗಿದರು.

"ಪತ್ರಿಕೆ ಇತಿಹಾಸ ನೀನೇ ಬರಿ ಕಣಮ್ಮ."

"ನಾನಾ? ಸಾರ್, ನಾನು ಎಂಟನೇ ಕ್ಲಾಸು ಸುದ್ದಾ ಮುಗಿಸಿಲ್ರಿ."

"ಇಷ್ಟು ವರ್ಷ ಎಲ್ಲಾ ಟೈಪ್ ಮಾಡಿರೋಳು ನೀನು. ಇನ್ಯಾರ್ನ ಕೇಳ್ಲಿ? ಹಳೇ ಫೈಲ್ ಎಲ್ಲಾ ತೆಗ್ದು ನೋಡು."

ಹಾಗೆ ನೋಡುವಾಗಲೇ ಸಿಕ್ಕಿದ್ದು ಈ ಎರಡು ಹದಿನಾಲ್ಕು.

ತಪ್ಪು ನನ್ನದೇ. ಹೊಸ ವಾರ ಬಂದಾಗ ಹಳೆಯ ವಾರದ ಪುಟವನ್ನೇ ತೆರೆದು, ಮೇಲಿನ ತಾರೀಕು, ಪ್ರತಿ ವರ್ಷ ಒಂದರಿಂದ ಶುರುವಾಗುವ ಸಂಚಿಕೆ ಸಂಖ್ಯೆ ಎರಡನ್ನೂ ಬದಲಾಯಿಸುವುದು ನಮ್ಮ ಪದ್ಧತಿ. ಐದು ವರ್ಷದ ಹಿಂದೆ ತಂಗಿಯ ಮದುವೆಗೆ ಊರಿಗೆ ಹೊರಡುವ ಗಡಿಬಿಡಿಯಲ್ಲಿ ತಾರೀಕು ಬದಲಾಯಿಸಿದ್ದೆ. ಸಂಖ್ಯೆ ಮರೆತಿದ್ದೆ.

ಬೇರೆ ಸಮಯದಲ್ಲಾಗಿದ್ದರೆ ಯಾರು ಕೇಳುತ್ತಿದ್ದರು? ಆದರೆ ಈ ವಿಶೇಷ ಸಂಚಿಕೆಯ ಹೊತ್ತಿಗೇ ಸರ್ಕಾರಿ ಜಾಹೀರಾತು ಸಿಗುವ ಪತ್ರಿಕೆಗಳ ಪಟ್ಟಿಗೆ ಸೇರಲು ಸಾರ್ ಅರ್ಜಿ ಹಾಕಿದ್ದರು. ಒಂದು ವಾರವೂ ತಪ್ಪದೆ ಪತ್ರಿಕೆ ಬಂದಿದೆಯೇ ಎಂದು ಆಫೀಸರ್ ಬಂದು ಫೈಲ್ ನೋಡುವವರಿದ್ದರು. ಪಟ್ಟಿಗೆ ಸೇರದಿದ್ದರೆ ದುಡ್ಡು ಸಾಲದೆ ಯುಗಾದಿಗೆ ಪತ್ರಿಕೆಯ ಬಾಗಿಲು ಹಾಕುವುದೇ ಅಂತ ಸಾರ್ ಮೊದಲೇ ಹೇಳಿದ್ದರು.

ಹದಿನೈದು ಎಲ್ಲಿ ಅಂತ ಕೇಳಿದರೆ? ಬರಲೇ ಇಲ್ಲ ಅಂತ ಬರೆದುಕೊಂಡರೆ? ಹತ್ತು ವರ್ಷದ ಪತ್ರಿಕೆ ನನ್ನ ಒಂದು ಅಂಕಿಯಿಂದ ಮುಚ್ಚಿಹೋಗುತ್ತದಲ್ಲ...

ಸಾರ್‌ಗೆ ಹೇಳಬೇಕಿತ್ತು. ಹೇಳಲಿಲ್ಲ. ಸುಮ್ಮನೆ ಫೈಲ್ ಮುಚ್ಚಿಟ್ಟೆ.

ಮನೆಯಲ್ಲೂ ಅದೇ ಲೆಕ್ಕ ಹಾಕುತ್ತಿದ್ದೆ. ಗಂಡ ನಗುತ್ತಿದ್ದ: "ಚಿಂತಿ ಮಾಡೂದನ್ನೂ ಒಂದು ಡ್ಯೂಟಿ ಅಂತ ಹಿಡಿದ್ರ, ನಿಂಗ ದಿನಾ ಓವರ್‌ಟೈಮ್ ನೋಡು."

ಮೂರನೇ ದಿನ ಇನ್ನೊಂದು ದಡ್ಡತನ ಮಾಡಿದೆ. ಸಾರ್ ಹೊರಗೆ ಹೋಗಿದ್ದಾಗ ಕಪ್ಪು ಪೆನ್ನು ತೆಗೆದುಕೊಂಡು ಎರಡನೇ ಹದಿನಾಲ್ಕರ ೪ನ್ನು ೫ ಮಾಡಲು ಹೋದೆ.

ಹಳೆಯ ನ್ಯೂಸ್‌ಪ್ರಿಂಟ್ ಕಾಗದ ಶಾಯಿ ಕುಡಿಯಿತು. ೫ ಆಗಲಿಲ್ಲ, ಹೆಸರುಕಾಳಿನಷ್ಟು ದೊಡ್ಡ ಕಪ್ಪು ಚುಕ್ಕೆಯಾಯಿತು. ಈಗ ತಪ್ಪಿನ ಜೊತೆ ಕಳ್ಳತನವೂ ಕಾಣುತ್ತಿತ್ತು.

ಒಂಬತ್ತನೇ ದಿನ ಆಫೀಸರ್ ಮೇಡಂ ಬಂದರು. ಟೀ ಬೇಡ ಅಂದರು. ಒಂದೊಂದೇ ಹಾಳೆ ತಿರುವುತ್ತಾ ಹೋದರು. ನಾನು ಕಂಪ್ಯೂಟರ್ ಮುಂದೆ ಕೂತು ಏನನ್ನೋ ಟೈಪ್ ಮಾಡುತ್ತಿದ್ದೆ... ಏನು ಅಂತ ದೇವರಿಗೇ ಗೊತ್ತು.

ಅವರ ಬೆರಳು ನಿಂತಿತು.

"ಏನ್ರೀ ಇದು? ನಂಬರ್ ಮೇಲೆ ಯಾರೋ ಪೆನ್ ಆಡ್ಸಿದ್ದಾರೆ?"

ಸಾರ್ ಕನ್ನಡಕ ಏರಿಸಿ ಬಗ್ಗಿ ನೋಡಿದರು. ನಾನು ಎದ್ದು ನಿಂತೆ. "ನಾನ್ರಿ ಮೇಡಂ. ಸಂಖ್ಯೆ ತಪ್ಪು ಹಾಕಿದ್ದೂ ನಾನ, ತಿದ್ದಾಕ ಹೋಗಿದ್ದೂ ನಾನ. ಸಾರ್‌ಗೆ ಏನೂ ಗೊತ್ತಿಲ್ರಿ." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಸಾರ್ ನನ್ನ ಕಡೆ ನೋಡಲೂ ಇಲ್ಲ. "ಮುಂದಿನ ವಾರದ್ದು ತೆಗೀರಿ ಮೇಡಂ. ನಾಲ್ಕನೇ ಪುಟ, ಕೆಳಗಡೆ."

ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಚೌಕ. 'ನಮ್ಮ ತಪ್ಪು: ಕಳೆದ ವಾರದ ಸಂಚಿಕೆಗೆ ೧೪ ಎಂದೇ ಮುದ್ರಣವಾಗಿದೆ. ೧೫ ಎಂದು ಓದಿಕೊಳ್ಳಬೇಕು.'

ನಾನು ಮದುವೆಗೆ ಹೋಗಿದ್ದ ವಾರ ಸಾರ್ ಪ್ರೆಸ್ಸಿನವರಿಂದಲೇ ಪುಟ ಕಟ್ಟಿಸಿ ಹಾಕಿಸಿದ್ದರು. ಬಂದ ಮೇಲೆ ನನಗೊಂದು ಮಾತೂ ಅಂದಿರಲಿಲ್ಲ.

"ಲೇತಲ್ಲಿ ಪೀಸ್ ಕೆಟ್ರೆ ನಾವು ಬಚ್ಚಿಡಲ್ಲ ಮೇಡಂ" ಅಂದರು ಸಾರ್. "ಕೆಂಪು ಪೇಂಟ್ ಹಚ್ಚಿ ಎಲ್ರಿಗೂ ಕಾಣೋ ಹಂಗೆ ಪಕ್ಕಕ್ಕಿಡ್ತೀವಿ. ಬಚ್ಚಿಟ್ರೆ ಅದು ಯಾವ್ದೋ ಮಿಷಿನ್‌ಗೆ ಹೋಗಿ ಕೂತ್ಕೊಳುತ್ತೆ. ಪೇಪರ್‌ಗೂ ಅದೇ ರೂಲ್ಸು."

ಮೇಡಂ ಆ ಚೌಕವನ್ನು ಎರಡು ಸಲ ಓದಿದರು. ಆಮೇಲೆ ನನ್ನನ್ನು ನೋಡಿ, "ಅವ್ರು ಐದು ವರ್ಷದ ಹಿಂದೇನೇ ಸರಿ ಮಾಡಿದ್ದನ್ನ ನೀವು ಈಗ ಕೆಡಿಸಿದ್ದೀರಲ್ಲಮ್ಮ!" ಅಂದು ನಕ್ಕೇಬಿಟ್ಟರು. ತಮ್ಮ ತಪಾಸಣೆಯ ಹಾಳೆಯ ಮೇಲೆ 'ಕ್ರಮಬದ್ಧವಾಗಿದೆ' ಎಂದು ಬರೆದು ಸಹಿ ಹಾಕಿದರು.

ಅವರು ಮೆಟ್ಟಿಲಿಳಿದ ಮೇಲೆ ನಾನು ಆ ಚೌಕವನ್ನು ಇನ್ನೊಮ್ಮೆ ಓದಿದೆ.

"ನನಗ್ಯಾಕ ಆಗ್ಲೇ ಹೇಳ್ಲಿಲ್ರಿ ಸಾರ್?" ಅಂದೆ.

"ನೀನ್ಯಾಕೆ ಈಗ ಕೇಳ್ಲಿಲ್ಲ?" ಅಂದರು.

ಪತ್ರಿಕೆ ಪಟ್ಟಿಗೆ ಸೇರಿತು, ಯುಗಾದಿಗೆ ಬಾಗಿಲು ಹಾಕಲಿಲ್ಲ. ವಿಶೇಷ ಸಂಚಿಕೆ ಬಂತು, ನಾನು ಬರೆದ ಇತಿಹಾಸವೂ ಮೂರನೇ ಪುಟದಲ್ಲಿ ಬಂತು. ಪೆನ್ನಿನ ವಿಷಯವನ್ನೂ ಸೇರಿಸಿಯೇ ಬರೆದಿದ್ದೆ. ಸಾರ್ ಒಂದಕ್ಷರವನ್ನೂ ತೆಗೆಯಲಿಲ್ಲ.

ಯಾರನ್ನಾದರೂ ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಭಯವನ್ನು ನೀವು ಎಷ್ಟು ದಿನ ಹೊತ್ತುಕೊಂಡು ತಿರುಗಿದ್ದೀರಿ?