ಇಪ್ಪತ್ತಾರು ಲಾರಿಗಳ ಬೀಗ

೧೯೮೬ರಲ್ಲಿ ನಾನು ಓದು ಬಿಟ್ಟೆ. ಏಳನೇ ತರಗತಿ ಮುಗಿದಿತ್ತು, ಎಂಟಕ್ಕೆ ಹೆಸರು ಹಚ್ಚಲಿಲ್ಲ. ಬಡತನ ಎಂದರೆ ಕೇಳುವವರು ಮರುಗುತ್ತಾರೆ. ನಿಜ ಹೇಳಬೇಕೆಂದರೆ ಕಂಪ್ಲಿಯ ಒಂದು ರೇಡಿಯೋ ರಿಪೇರಿ ಅಂಗಡಿಯ ಮುಂದೆ ನಿಲ್ಲುವುದು ನನಗೆ ಶಾಲೆಗಿಂತ ರುಚಿಸಿತ್ತು. ರೇಡಿಯೋ ಕಲಿತೆ, ಆಮೇಲೆ ಟಿವಿ, ಆಮೇಲೆ ಗಾಡಿಗಳ ವೈರಿಂಗ್. ಹಂಪಿ ಬಜಾರಿನಲ್ಲಿ ಪ್ರವಾಸಿಗಳನ್ನು ತಂದಿಳಿಸುವ ಟೆಂಪೊಗಳ ಕೆಳಗೆ ಮಲಗಿ ಎಷ್ಟು ಬೇಸಿಗೆ ಕಳೆದೆನೋ ಲೆಕ್ಕವಿಲ್ಲ. ಹೊಸಪೇಟೆಯಲ್ಲಿ, ಸಂಡೂರು ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದಾಗ ಇಂಗ್ಲಿಷಿನ ಒಂದು ಸಾಲು ಓದಲೂ ನನಗೆ ಬರುತ್ತಿರಲಿಲ್ಲ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕಲಿತೆ. ಕಂಪ್ಯೂಟರನ್ನೂ ಹಾಗೆಯೇ ಕಲಿತೆ. ಯಾರೂ ಕಲಿಸಲಿಲ್ಲ. ಇದನ್ನು ಬರೆಯುವಾಗಲೂ ಆ ಜಂಬ ಕೈಯಲ್ಲಿ ಕೂತಿದೆ, ಏನು ಮಾಡಲಿ.

ಅದಿರಿನ ಗಣಿಗಳು ಜೋರಾಗಿದ್ದ ಆ ವರ್ಷಗಳಲ್ಲಿ ನಮ್ಮ ರಸ್ತೆಯಲ್ಲಿ ಲಾರಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಒಬ್ಬ ಸಾವ್ಕಾರರ ಇಪ್ಪತ್ತಾರು ಲಾರಿಗಳ ವೈರಿಂಗ್ ಕೆಲಸವೆಲ್ಲ ನನ್ನದು. ಅದರಲ್ಲಿ ಒಂದನ್ನು ಓಡಿಸುತ್ತಿದ್ದವನು ನನ್ನ ಅಣ್ಣ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು.

ಲಾರಿಗಳಿಂದ ಡೀಸೆಲ್ ಕಳುವಾಗುತ್ತಿತ್ತು. ಅದನ್ನು ತಡೆಯಲು ಸಾವ್ಕಾರರು ಬೆಂಗಳೂರಿನ ಒಬ್ಬ ಎಂಜಿನಿಯರ್ ಹತ್ತಿರ ಚಿಕ್ಕ ಡಬ್ಬಿಯೊಂದನ್ನು ಮಾಡಿಸಿದರು. ಟ್ಯಾಂಕಿನಲ್ಲಿ ಡೀಸೆಲ್ ಒಮ್ಮೆಲೇ ಇಳಿದರೆ ಡಬ್ಬಿಯೊಳಗಿನ ಪ್ರೊಸೆಸರ್ ಕಳವು ಎಂದು ತಿಳಿದು ಎಂಜಿನ್ ಬಂದ್ ಮಾಡುತ್ತಿತ್ತು. ಒಂದೇ ತಿಂಗಳಲ್ಲಿ ಯಾರೋ ಜಾಣರು ಅದರ ಪ್ರೋಗ್ರಾಮನ್ನೇ ಬದಲಾಯಿಸಿ ಕೊಡತೊಡಗಿದರು. ಡಬ್ಬಿ ಇದ್ದಲ್ಲೇ ಇತ್ತು, ಡೀಸೆಲ್ ಹೋಗುತ್ತಲೇ ಇತ್ತು. ಆಗ ಎಂಜಿನಿಯರ್ ಸೆಕ್ಯೂರ್ ಬೂಟ್ ಎಂಬ ಮಾತು ಎತ್ತಿದರು.

ವಿಷಯ ಸರಳ. ನಾವು ಕಂಪ್ಯೂಟರಿನಲ್ಲಿ ಒಂದು ಗುಟ್ಟಿನ ಕೀಲಿ ಮಾಡುತ್ತೇವೆ, ಅದರಿಂದ ಪ್ರೋಗ್ರಾಮಿಗೆ ಮುದ್ರೆ ಒತ್ತುತ್ತೇವೆ. ಪ್ರೊಸೆಸರಿನ ಒಳಗೆ ಕೂದಲಿಗಿಂತ ಸಣ್ಣ ಫ್ಯೂಸುಗಳಿರುತ್ತವೆ. ಅವುಗಳನ್ನು ಲೆಕ್ಕ ಪ್ರಕಾರ ಸುಟ್ಟು ನಮ್ಮ ಕೀಲಿಯ ಗುರುತನ್ನು ಅಲ್ಲಿ ಬರೆಯಬೇಕು. ಆಮೇಲೆ ಚಾವಿ ತಿರುಗಿಸಿದಾಗಲೆಲ್ಲ ಪ್ರೊಸೆಸರ್ ಮೊದಲು ಮುದ್ರೆ ನೋಡುತ್ತದೆ. ಹೊಂದಿದರೆ ಕೆಲಸ ಶುರು, ಹೊಂದದಿದ್ದರೆ ಕಲ್ಲು. ಸುಟ್ಟ ಫ್ಯೂಸು ಮತ್ತೆ ಕೂಡುವುದಿಲ್ಲ, ಬ್ರಹ್ಮ ಬಂದರೂ.

ಸುಡುವಾಗ ಕರೆಂಟು ಕದಲಬಾರದು. ನಮ್ಮ ಊರಿನ ಕರೆಂಟು ನಂಬಿ ಮೊದಲ ಎರಡು ಬೋರ್ಡು ಕಳೆದೆ. ಮೂರನೆಯದಕ್ಕೆ ಲಾರಿಯ ಬ್ಯಾಟರಿಯನ್ನೇ ಇಳಿಸಿ ಹಚ್ಚಿದೆ. ಮುದ್ರೆ ಇಲ್ಲದ ಬೇರೆ ಪ್ರೋಗ್ರಾಮ್ ತುಂಬಿ ನೋಡಿದೆ: ಕೆಂಪು ದೀಪ ಮೂರು ಸಲ ಮಿಣುಕಿ ಸುಮ್ಮನಾಯಿತು. ಆ ದಿನ ನಾನು ಊಟ ಮರೆತೆ. ಹೀಗೆ ಇಪ್ಪತ್ತಾರೂ ಡಬ್ಬಿಗಳಿಗೆ ನಾನೇ ಬೀಗ ಹಾಕಿದೆ.

ಎಂಜಿನಿಯರ್ ಹೇಳಿದ್ದರು, "ಕೀಲಿಯ ಒಂದು ಕಾಪಿ ನನ್ನ ಹತ್ತಿರ ಇರಲಿ. ನಿಮ್ಮ ಹತ್ತಿರ ಎರಡು ಕಡೆ ಇಡಿ."

"ನನ್ನ ಬೀಗಕ್ಕ ನಿಮ್ಮ ಹತ್ರ ಕೀಲಿ ಯಾಕ್ರಿ?" ಎಂದೆ. "ಎರಡು ಕೀಲಿ ಅದಾವ ಅಂದ್ರ ಅದು ಬೀಗ ಹೆಂಗಾಗ್ತತಿ?"

ಅವರು ನಕ್ಕು ಸುಮ್ಮನಾದರು. ಏಳನೇ ತರಗತಿಯವನು ಎಂಜಿನಿಯರನ ಬಾಯಿ ಮುಚ್ಚಿಸಿದೆ ಎಂದು ನನಗೆ ಹಿಗ್ಗು. ಕೀಲಿಯನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರಿನಿಂದ ಅಳಿಸಿದೆ.

ಡ್ರೈವರುಗಳಿಗೆ ನಾನು ವೈರಿಯಾದೆ. ಚಹಾದಂಗಡಿಗೆ ಹೋದರೆ ಒಬ್ಬ ಎದ್ದು ಜಾಗ ಬಿಟ್ಟುಕೊಡುವವನಂತೆ ನಟಿಸುತ್ತಿದ್ದ. "ಬರ್ರಿ, ಕುಂದ್ರಿ, ಬೀಗದ ಸಾವ್ಕಾರ್ರ! ನಮ್ಮ ಹೊಟ್ಟಿಗೂ ಒಂದು ಡಬ್ಬಿ ಕೂಡಿಸ್ರಿ, ಎರಡನೇ ಚಾ ಕುಡದ್ರ ಬಂದ್ ಆಗ್ಲಿ." ಎಲ್ಲರೂ ನಗುತ್ತಿದ್ದರು. ಅಣ್ಣ ನಗುತ್ತಿರಲಿಲ್ಲ, ನನ್ನ ಪರವಾಗಿ ಮಾತಾಡುತ್ತಲೂ ಇರಲಿಲ್ಲ.

ಆ ವರ್ಷದ ಆಯುಧಪೂಜೆಯ ದಿನ ಅಂಗಡಿ ತೊಳೆದು, ಸ್ಪ್ಯಾನರು, ಮೀಟರು, ಸಾಲ್ಡರಿಂಗ್ ಗನ್ ಎಲ್ಲವನ್ನೂ ಕಂಬಳಿಯ ಮೇಲೆ ಸಾಲಾಗಿ ಇಟ್ಟೆ. ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಆಯುಧ ಆ ಪೆನ್‌ಡ್ರೈವ್ ಅಲ್ಲವೇ? ಅದನ್ನು ನಡುವೆ ಇಟ್ಟೆ. ನೀರಲ್ಲಿ ಕಲಸಿದ ವಿಭೂತಿ ಮೂರು ಬೆರಳಲ್ಲಿ ಬಳಿದು, ಕುಂಕುಮ ಹಚ್ಚಿ, ಹೂವಿನಿಂದ ನೀರು ಚಿಮುಕಿಸಿದೆ. ಕೈ ನನ್ನದೇ, ಬೇರೆ ಯಾರದ್ದೂ ಅಲ್ಲ.

ಹಬ್ಬ ಮುಗಿದು ಲಾರಿ ಓಡತೊಡಗಿದ ಮೊದಲ ದಿನವೇ ಅಣ್ಣ ಅಂಗಡಿಗೆ ಬಂದ. ಮುಖದ ತುಂಬ ಕೆಂಪು ಧೂಳು.

"ಲೇ ತಮ್ಮಾ, ನಿನ್ನ ಡಬ್ಬಿ ಸಂಡೂರು ಘಾಟಿನ್ಯಾಗ ಗಾಡಿ ನಿಲ್ಲಿಸಿಬಿಡ್ತಲೇ. ಲೋಡ್ ಗಾಡಿ. ಹಿಂದಕ್ಕ ಜಾರೂದನ್ನ ಹ್ಯಾಂಗ ಹಿಡದೆ ಅಂತ ನನಗ ಗೊತ್ತು."

ಲೋಡು ತರಲು ಡ್ರೈವರುಗಳು ಹೊಸದೊಂದು ಕಡಿದಾದ ದಾರಿ ಹಿಡಿದಿದ್ದರು. ಏರಿನಲ್ಲಿ ಟ್ಯಾಂಕಿನ ಡೀಸೆಲ್ ಹಿಂದಕ್ಕೆ ಸರಿಯುತ್ತದೆ, ಅಳತೆಯ ಮುಳ್ಳು ಇಳಿಯುತ್ತದೆ, ಡಬ್ಬಿ ಕಳವೆಂದು ತಿಳಿಯುತ್ತದೆ. ಎಂಜಿನಿಯರಿಗೆ ಫೋನ್ ಮಾಡಿದೆ. ಅರ್ಧ ನಿಮಿಷ ಕಾದು ನೋಡುವ ಹೊಸ ಪ್ರೋಗ್ರಾಮನ್ನು ಅವರು ಸಂಜೆಯೊಳಗೆ ಈಮೇಲ್ ಮಾಡಿದರು. ಮುದ್ರೆ ಒತ್ತಿ ತುಂಬುವುದಷ್ಟೇ ನನ್ನ ಕೆಲಸ.

ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದೆ. ಅದು ಬಿಸಿಯಾಯಿತು, ಸುಟ್ಟ ವಾಸನೆ ಬಂತು. ಕಿತ್ತು ಬಿಚ್ಚಿದರೆ ಒಳಗೆ ಕುಂಕುಮ ಇನ್ನೂ ಹಸಿಯಾಗಿತ್ತು. ನೀರು ತಾಗಿದ ಬೋರ್ಡಿಗೆ ಕರೆಂಟು ಕೊಡಬೇಡಿರೆಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನೇ.

ಕೀಲಿ ಇಲ್ಲ ಎಂದರೆ ಇಪ್ಪತ್ತಾರು ಡಬ್ಬಿಗಳಿಗೂ ಹೊಸ ಪ್ರೋಗ್ರಾಮ್ ಎಂದೆಂದಿಗೂ ಇಲ್ಲ. ಆದರೆ ಲಾರಿಗಳನ್ನು ಕಾಪಾಡುವುದು ಕಷ್ಟವೇನೂ ಇರಲಿಲ್ಲ. ಡಬ್ಬಿಯಿಂದ ಎಂಜಿನ್ನಿಗೆ ಹೋಗುವ, ಸಾವ್ಕಾರರ ಸೀಲ್ ಬಿದ್ದ ಒಂದು ವೈರು ಕತ್ತರಿಸಿದರೆ ಮುಗಿಯಿತು. ಮರುದಿನ ಬೆಳಿಗ್ಗೆ ಅಣ್ಣ ಬಂದು ಅದನ್ನೇ ಕೇಳಿದ.

"ಆತೇನೋ ನಿನ್ನ ಹೊಸ ಪ್ರೋಗ್ರಾಮು?"

"ಎರಡು ದಿನ ತಡಿ."

"ಅಲ್ಲೀತನಕ ಆ ವೈರ್ ಕಿತ್ತಾಕಲೇ. ಆಮ್ಯಾಲ ಹಚ್ಚೀಯಂತ."

"ಸೀಲ್ ಒಡದ್ರ ಸಾವ್ಕಾರ್ರಿಗೆ ಏನಂತ ಹೇಳ್ಲಿ? ಮೊದಲನೇ ಸಲ ಹೆಂಗ ಹಿಡದ್ಯೋ ಹಂಗ ಹಿಡಿ. ಎರಡ ದಿನ."

ಅವನು ನನ್ನ ಮುಖ ನೋಡಿದ. "ಆತು ಬಿಡಪ. ದೊಡ್ಡ ಮನಶಾ ಅದಿ," ಎಂದು ಗಾಡಿ ಹತ್ತಿದ.

ವೈರು ಕತ್ತರಿಸಿದರೆ ಯಾಕೆಂದು ಸಾವ್ಕಾರರು ಕೇಳುತ್ತಾರೆ, ಕೀಲಿಯ ಸುದ್ದಿ ಹೊರಬೀಳುತ್ತದೆ, ಚಹಾದಂಗಡಿಯಲ್ಲಿ ತಿಂಗಳುಗಟ್ಟಲೆ ನಗು. ಎಂಜಿನಿಯರಿಗೂ ತಿಳಿಯುತ್ತದೆ. ನನಗೆ ಇದ್ದ ಹೆದರಿಕೆ ಅಷ್ಟೇ. ಎರಡು ದಿನದಲ್ಲಿ ಪೆನ್‌ಡ್ರೈವಿನ ಚಿಪ್ ಬಿಡಿಸಿ ಬೇರೆ ಬೋರ್ಡಿಗೆ ಕೂಡಿಸಿ ಕೀಲಿ ಹೊರತೆಗೆಯುತ್ತೇನೆಂದು ನನ್ನ ಕೈಯನ್ನು ನಂಬಿದ್ದೆ. ಆ ಮಧ್ಯಾಹ್ನ ಸಾಲ್ಡರಿಂಗ್ ಗನ್ ಹಿಡಿದು ಕೂತಿದ್ದಾಗಲೇ ಸಾವ್ಕಾರರ ಮ್ಯಾನೇಜರ್ ಬೈಕಿನಲ್ಲಿ ಬಂದರು. ಅಣ್ಣನ ಲಾರಿ ಏರಿನಲ್ಲಿ ನಿಂತು, ಬ್ರೇಕ್ ಹಿಡಿಯದೆ, ಲೋಡು ಸಮೇತ ಹಿಂದಕ್ಕೆ ಜಾರಿತ್ತು. ಕೆಳಗೆ ಬೇರೆ ಗಾಡಿಗಳಿದ್ದವು. ಅಣ್ಣ ಸ್ಟೇರಿಂಗ್ ತಿರುಗಿಸಿ ಗುಡ್ಡದ ಕಡೆಗೆ ಹಾಕಿದ್ದ. ಅವನ ಎಡಗಾಲು ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡಿತ್ತು.

ಆಸ್ಪತ್ರೆಗೆ ಹೋಗುವ ಮೊದಲು ನಾನು ಲಾರಿ ನಿಲ್ಲುವ ಅಂಗಳಕ್ಕೆ ಹೋದೆ. ಫೋನ್ ಮಾಡಿಸಿ ಉಳಿದ ಗಾಡಿಗಳನ್ನೆಲ್ಲ ಅಲ್ಲಿಗೆ ಕರೆಸಿದೆ. ಇಪ್ಪತ್ತೈದು ವೈರು ಕತ್ತರಿಸಿದೆ. ಒಂದಕ್ಕೆ ಐದು ನಿಮಿಷ ಹಿಡಿಯಲಿಲ್ಲ. ಡ್ರೈವರುಗಳು ಸುತ್ತ ನಿಂತು ನೋಡಿದರು, ಒಬ್ಬನೂ ಒಂದು ಚೇಷ್ಟೆಯ ಮಾತು ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾಲು ಉಳಿಯಿತು, ಮೊಣಕಾಲು ಮಡಚುವುದಿಲ್ಲ. ಕ್ಲಚ್ ಒತ್ತಲಾಗದವನು ಲಾರಿ ಓಡಿಸುವುದು ಹೇಗೆ? ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಅವನಿಗೆ ಎಲ್ಲ ಹೇಳಿದೆ, ಕುಂಕುಮದ ಮಾತೂ ಬಿಡದೆ.

"ಕೀಲಿ ಸುಟ್ಟತಿ ಅಂತ ಅವತ್ತ ಹೇಳಬೇಕಿತ್ತಲೋ," ಎಂದ. "ನಾನೇನ್ ನಗತಿದ್ನೇನು?"

ಅವತ್ತಿನಿಂದ ಇಂದಿನವರೆಗೆ ನಮ್ಮ ನಡುವೆ ಹಬ್ಬ ಹುಣ್ಣಿಮೆಯ ಮಾತು ಬಿಟ್ಟು ಬೇರೆ ಮಾತಿಲ್ಲ. ಸಾವ್ಕಾರರ ಕೆಲಸವನ್ನು ನಾನೇ ಬಿಟ್ಟೆ. ಈಗ ಬುಕ್ಕಸಾಗರದ ಕಡೆಯ ರೈತರ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡುತ್ತೇನೆ. ಕೆಲಸ ಈಗಲೂ ಅಚ್ಚುಕಟ್ಟು, ಬೇಕಾದರೆ ಯಾರನ್ನಾದರೂ ಕೇಳಿ.

ಈಗ ನನಗೆ ಇರುವುದು ಇಷ್ಟು: ಅರ್ಧ ಷಟರಿನ ಒಂದು ಅಂಗಡಿ, ಎರಡು ಕೋಣೆಯ ಒಂದು ಮನೆ, ಒಂದು ಸೈಕಲ್ಲು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕಂಪ್ಲಿಯಲ್ಲಿ ಕಿರಾಣಿ ಅಂಗಡಿಯ ಗಲ್ಲಾದ ಮೇಲೆ ಕಾಲು ಚಾಚಿ ಕೂರುವ ಒಬ್ಬ ಅಣ್ಣ.