ಗುಮಾಸ್ತ ಕೂರಿಸಿದ ಕಲ್ಲು

ನನ್ನ ಭಾವ ಹಲ್ಲು ಮಾಡುವವರು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಭಾವ ಕಿಷ್ಕಿಂಧೆಯಂಥ ಒಂದು ಲ್ಯಾಬಿನಲ್ಲಿ ಕೂತು ಆ ಅಚ್ಚಿಗೆ ಸರಿಯಾಗಿ ಹಲ್ಲಿನ ಸೆಟ್ಟು ಕಟ್ಟುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ತಾವು ಕಟ್ಟಿದ ಹಲ್ಲು ಯಾರ ಬಾಯಲ್ಲಿ ಕೂತಿತು, ಅವರು ಅದರಲ್ಲಿ ಏನು ಕಡಿದರು ಎಂಬುದು ಅವರಿಗೆ ತಿಳಿಯುವುದೇ ಇಲ್ಲ. ದೂರು ಬಂದರೆ ಮಾತ್ರ ತಿಳಿಯುತ್ತದೆ.

ಸಂಜೆ ಮನೆಗೆ ಬಂದು ತೋಳಿನ ಸುಣ್ಣದಪುಡಿ ತೊಳೆದು ಚಹಾ ಕುಡಿದವರೇ ಬಾಲ್ಕನಿಗೆ ಹೋಗುತ್ತಾರೆ. ಅಲ್ಲಿ ಒಣಹಾಕಿದ ಬಟ್ಟೆಗಳ ಅಡಿಯಲ್ಲಿ ಒಂದು ಮೇಜು, ಕತ್ತು ಬಗ್ಗಿಸಿದ ಒಂದು ದೀಪ, ಮಾತ್ರೆ ಡಬ್ಬಿಗಳಲ್ಲಿ ಕಲ್ಲುಗಳು. ಹೊಳೆದಂಡೆಯಲ್ಲಿ, ಮನೆ ಕಟ್ಟುವ ಕಡೆ ಸುರಿದ ಜಲ್ಲಿಯಲ್ಲಿ, ಕಂಡಕಂಡಲ್ಲಿ ಹೆಕ್ಕಿ ತಂದ ಕಲ್ಲುಗಳು. ಹಳೇ ವಾಷಿಂಗ್ ಮೆಷಿನ್ನಿನ ಮೋಟಾರಿಗೆ ಬಣ್ಣದ ಡಬ್ಬ ಸಿಕ್ಕಿಸಿ, ಅದರೊಳಗೆ ಕಲ್ಲು ಹಾಕಿ ವಾರಗಟ್ಟಲೆ ಉರುಳಿಸಿ ನುಣುಪು ಮಾಡುತ್ತಾರೆ. "ನಾನು ಕಟ್ಕೊಂಡಿದ್ದು ಗಂಡನ್ನಾ ಗಿರಣಿನಾ ಅಂತ ಇವತ್ತಿಗೂ ಗೊತ್ತಾಗಿಲ್ಲ ಕಣೋ" ಎಂದು ಅಕ್ಕ ಗೊಣಗುತ್ತಾಳೆ. ಆದರೆ ಹಾಗೆ ಗೊಣಗುವಾಗಲೂ ಅವಳ ಕಿವಿಯಲ್ಲಿ ಭಾವನ ಕಲ್ಲುಗಳೇ ತೂಗುತ್ತಿರುತ್ತವೆ.

ಕೆಲಸದ ರೀತಿ ಇಷ್ಟೇ. ಕಲ್ಲಿನ ಸುತ್ತಳತೆಗೆ ಬೆಳ್ಳಿಯ ಪಟ್ಟಿ ಬಗ್ಗಿಸಿ ತಗಡಿನ ಮೇಲೆ ಬೆಸೆದರೆ ಒಂದು ಪುಟ್ಟ ಬಟ್ಟಲಾಗುತ್ತದೆ. ಅದರಲ್ಲಿ ಕಲ್ಲು ಕೂರಿಸಿ ಅಂಚನ್ನು ಸುತ್ತಲೂ ಒಳಕ್ಕೆ ಒತ್ತುತ್ತಾ ಬಂದರೆ ಕಲ್ಲು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಅಳತೆ ನೋಡಲು ಕಲ್ಲನ್ನು ಬಟ್ಟಲಿಗಿಡುವ ಮುಂಚೆ ಮಾತ್ರ ಭಾವ ಅಡಿಯಲ್ಲೊಂದು ದಾರ ಹಾಸುತ್ತಾರೆ. ಹಲ್ಲಿನ ಸಂದಿ ಶುಚಿ ಮಾಡುವ ಮೇಣದ ದಾರ. ಎರಡೂ ತುದಿ ಹಿಡಿದೆತ್ತಿದರೆ ಕಲ್ಲು ಹೊರಗೆ ಬರುತ್ತದೆ.

"ಕಲ್ಲಿಗೂ ಹಲ್ಲುಜ್ಜಿಸ್ತೀರಾ ಭಾವ?" ಎಂದು ನಾನು ಪ್ರತಿಸಲ ಕೇಳುತ್ತಿದ್ದೆ.

"ದಾರ ಇಲ್ದೆ ಇಟ್ರೆ ಒಳಗೇ ಕಚ್ಕೊಂಡ್ಬಿಡುತ್ತೆ ಕಣಯ್ಯಾ" ಎಂದು ಅವರೂ ಪ್ರತಿಸಲ ಹೇಳುತ್ತಿದ್ದರು. ನನ್ನ ಹಾಸ್ಯಕ್ಕೆ ನಗುವ ಸೌಜನ್ಯ ಅವರಿಗಿತ್ತು. ಅವರ ಮಾತನ್ನು ಕೇಳಿಸಿಕೊಳ್ಳುವ ಸೌಜನ್ಯ ನನಗಿರಲಿಲ್ಲ.

ಭಾವ ಇದನ್ನೆಲ್ಲ ಮಾರುವುದಿಲ್ಲ, ಹೊರಗಿನವರಿಗೆ ತೋರಿಸುವುದೂ ಇಲ್ಲ. ಬಹಳ ಹಿಂದೆ ಒಮ್ಮೆ ತಾವೇ ಮಾಡಿದ ಉಂಗುರ ತೊಟ್ಟು ಲ್ಯಾಬಿಗೆ ಹೋಗಿದ್ದರಂತೆ. ಅಲ್ಲಿಗೆ ಬಂದಿದ್ದ ಡಾಕ್ಟರೊಬ್ಬರು ಎಲ್ಲರ ಮುಂದೆ, "ಓಹೋ, ಒಡವೆ ಮಾಡ್ಕೊಂಡು ಕೂತಿರ್ತೀರಾ? ಅದಕ್ಕೇ ನಮ್ಮ ಹಲ್ಲು ಲೇಟು" ಎಂದರಂತೆ. ಎಲ್ಲರೂ ನಕ್ಕರಂತೆ. ಭಾವ ಅಲ್ಲೇ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡರು. ಅಲ್ಲಿಂದಾಚೆ ಮನೆಯವರಿಗೆ ಏನು ಮಾಡಿಕೊಟ್ಟರೂ ಒಂದು ಷರತ್ತು: "ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳ್ಬೇಡಿ."

ನನಗೊಂದು ಉಂಗುರ ಮಾಡಿಕೊಟ್ಟಾಗಲೂ ಅದನ್ನೇ ಹೇಳಿದರು. ಜೇನಿನ ಬಣ್ಣದ ಕಲ್ಲು, ನಡುವೆ ಒಂದು ಬಿಳೀ ಗೆರೆ. ನಾನು ಗ್ರಂಥಾಲಯದಲ್ಲಿ ಗುಮಾಸ್ತ. ಪುಸ್ತಕ ಕೊಡುವಾಗ ಒಂದು ಮೊಹರು, ಹಿಂದಕ್ಕೆ ಪಡೆಯುವಾಗ ಇನ್ನೊಂದು. ನನ್ನ ಬೆರಳನ್ನು ದಿನಕ್ಕೆ ಇನ್ನೂರು ಜನ ನೋಡುತ್ತಾರೆ. ತೊಟ್ಟ ಮೊದಲ ದಿನವೇ ಒಬ್ಬರು ಕೇಳಿದರು.

"ಎಲ್ಲಿ ತಗೊಂಡ್ರಿ?"

"ಮನೇಲಿ ಮಾಡಿದ್ದು" ಎಂದೆ. ಇಲ್ಲಿಯವರೆಗೆ ಸತ್ಯವೇ.

"ಯಾರು, ನೀವಾ?"

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ನನ್ನ ಐವತ್ತೆರಡು ವರ್ಷದ ಬದುಕಿನಲ್ಲಿ ಯಾವ ವಸ್ತುವನ್ನಾದರೂ ತೋರಿಸಿ "ನೀವು ಮಾಡಿದ್ದಾ" ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅದು ಮೊಹರು ತಲೆಕೆಳಗಾಗಿ ಒತ್ತಿದ ಪುಟವನ್ನು ತೋರಿಸಿ. "ಹೂಂ, ಏನೋ ಸುಮ್ನೆ, ಹವ್ಯಾಸ" ಎಂದುಬಿಟ್ಟೆ. ಸುಳ್ಳು ಹೇಳಿದೆ, ಹೋಗಲಿ. ವಿನಯದಿಂದ ಬೇರೆ ಹೇಳಿದೆ!

ಎರಡು ವರ್ಷ ಹೀಗೇ ನಡೆಯಿತು. ಒಮ್ಮೆ ಬಾತ್‌ರೂಮಿನ ಬಾಗಿಲಿಗೆ ಬೆರಳು ಸಿಕ್ಕಿ ಪಟ್ಟಿ ಕಟ್ಟಿಕೊಂಡು ಹೋದಾಗ, "ಬೆಸುಗೆ ಹಾಕುವಾಗ ಸ್ವಲ್ಪ ತಾಗ್ತು" ಎಂದೆ. ನಾಲ್ಕು ಜನ ಮರುಗಿದರು. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಹೆಂಗಸೊಬ್ಬರಿದ್ದರು. ಎಲ್ಲರೂ ಅವರನ್ನು ಬೈಂಡಿಂಗ್ ಅಮ್ಮ ಎನ್ನುತ್ತಿದ್ದರು. ಮಾತು ಕಡಿಮೆ, ಗೋಂದಿನ ವಾಸನೆ ಹೆಚ್ಚು. ಅವರ ನಿವೃತ್ತಿಗೆ ಹತ್ತು ದಿನವಿದ್ದಾಗ ನನ್ನ ಕೌಂಟರಿಗೆ ಬಂದು ಕನ್ನಡಕದ ಡಬ್ಬಿ ತೆರೆದರು. ಒಳಗೆ ಹತ್ತಿಯಲ್ಲಿ ಬೂದು ಬಣ್ಣದ ಒಂದು ಕಲ್ಲು. ಹುಣಿಸೆಬೀಜಕ್ಕಿಂತ ಸ್ವಲ್ಪ ದೊಡ್ಡದು, ಬೆಣ್ಣೆಯಂತೆ ನುಣುಪು.

"ನಮ್ಮನೆಯವ್ರು ರೈಲು ಓಡಿಸ್ತಿದ್ರಲ್ಲ, ಹಳಿ ಮೇಲಿಂದ ತಂದ ಜಲ್ಲಿಕಲ್ಲು. ಸಿಗ್ನಲ್‌ಗೆ ಕಾಯೋವಾಗೆಲ್ಲ ಉಪ್ಪುಕಾಗದದಲ್ಲಿ ತಿಕ್ಕೋರಂತೆ. ಹನ್ನೊಂದು ತಿಂಗಳು ತಿಕ್ಕಿ ತಂದುಕೊಟ್ರು. 'ಚಿನ್ನ ತರೋಕಾಗಲ್ಲ, ಇದನ್ನಿಟ್ಕೋ' ಅಂದ್ರು" ಎಂದರು. "ಅವರು ಹೋಗಿ ಆರು ವರ್ಷ ಆಯ್ತು. ಕೆಲಸದ ಕೊನೇ ದಿನ ಕತ್ತಿಗೆ ಹಾಕ್ಕೊಂಡು ಬರ್ಬೇಕು ಅಂತ ಆಸೆ. ನಿಮ್ಮ ಕೈಯಲ್ಲಿ ಒಂದು ಪದಕ ಮಾಡಿಕೊಡ್ತೀರಾ ಗುಮಾಸ್ತ್ರೇ?"

"ಅಯ್ಯೋ, ಅದಕ್ಕೇನಮ್ಮ" ಎಂದಿತು ನನ್ನ ಬಾಯಿ. ಈ ಬಾಯನ್ನೂ ಭಾವನೇ ಬೇರೆ ಮಾಡಿಕೊಟ್ಟಿದ್ದರೆ ಚೆನ್ನಾಗಿತ್ತು.

ಭಾವನ ಹತ್ತಿರ ಹೋಗಿದ್ದರೆ ಮುಗಿದಿತ್ತು. ಆದರೆ ಹೋಗಿ ಏನೆಂದು ಹೇಳುವುದು? ನಿಮ್ಮ ಕೆಲಸವನ್ನು ಎರಡು ವರ್ಷದಿಂದ ನನ್ನದೆಂದು ಹೇಳಿಕೊಂಡು ತಿರುಗುತ್ತಿದ್ದೇನೆ ಎಂದೇ? ಜೊತೆಗೆ ಒಳಗೊಂದು ಹುಳ ಹೊಕ್ಕಿತು. ಹದಿನೈದು ವರ್ಷ ಪಕ್ಕದಲ್ಲಿ ಕೂತು ನೋಡಿಲ್ಲವೇ? ನೋಡಿ ನೋಡಿಯೇ ಬಂದಿರುತ್ತದೆ. ಕ್ಷೌರದಂಗಡಿಯಲ್ಲಿ ನಲವತ್ತು ವರ್ಷ ಕನ್ನಡಿ ನೋಡಿದ್ದೇನೆ, ಆದರೂ ನನಗೆ ಕ್ಷೌರ ಬರುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ, ಭಾವ ಲ್ಯಾಬಿನಲ್ಲಿರುವ ಹೊತ್ತು ನೋಡಿಕೊಂಡು ಅಕ್ಕನ ಮನೆಗೆ ಹೋದೆ. "ಒಂದು ಸಣ್ಣ ಕೆಲಸ ಇದೆ" ಎಂದು ಬಾಲ್ಕನಿ ಸೇರಿದೆ. ಬಟ್ಟಲು ಮಾಡುವ ಗೋಜೇ ಬೇಡವಾಯಿತು. ಭಾವ ಮಾಡಿಟ್ಟಿದ್ದ ಖಾಲಿ ಬಟ್ಟಲುಗಳು ಡಬ್ಬಿಯಲ್ಲಿದ್ದವು. ಒಂದು ಹೆಚ್ಚುಕಡಿಮೆ ಸರಿಹೋಗುವಂತೆ ಕಂಡಿತು. ಕಲ್ಲನ್ನು ಅದರ ಮೇಲಿಟ್ಟೆ. ಕೂರಲಿಲ್ಲ. ಹೆಬ್ಬೆರಳಲ್ಲಿ ಒತ್ತಿದೆ. ಗಕ್ಕನೆ ಕೂತಿತು, ಒಂದು ಪಕ್ಕ ಮೇಲೆ, ಒಂದು ಪಕ್ಕ ಕೆಳಗೆ, ಸೊಟ್ಟಗೆ. ತೆಗೆಯೋಣವೆಂದರೆ ಅಡಿಯಲ್ಲಿ ದಾರವಿಲ್ಲ.

ತಲೆಕೆಳಗು ಮಾಡಿ ತಟ್ಟಿದೆ. ಕುಟ್ಟಿದೆ. ಊದಿದೆ ಕೂಡ, ಯಾಕೆ ಊದಿದೆನೋ ಗೊತ್ತಿಲ್ಲ. ಕೊನೆಗೆ ಚಾಕುವಿನ ಮೊನೆಯನ್ನು ಸಂದಿಗೆ ತೂರಿಸಿ ಮೀಟಿದೆ.

ಟಿಕ್ ಅಂದಿತು.

ಎಳ್ಳಿನಷ್ಟು ಚೂರು. ಎಲ್ಲೋ ಹಾರಿ ಬಿತ್ತು. ಮಂಡಿಯೂರಿ ನೆಲವೆಲ್ಲ ತಡಕಿದೆ. ಅಲ್ಲಿ ಬಿದ್ದಿದ್ದ ನೂರು ಕಲ್ಲಿನ ಹುಡಿಯಲ್ಲಿ ಇದು ಯಾವುದು? ಹನ್ನೊಂದು ತಿಂಗಳು ಒಬ್ಬ ಮನುಷ್ಯ ಸಿಗ್ನಲ್ಲಿಗೆ ಕಾಯುತ್ತಾ ತಿಕ್ಕಿದ ಕಲ್ಲಿನ ಅಂಚು ಹಾಗೆ ಕಸದಲ್ಲಿ ಕಸವಾಗಿ ಹೋಯಿತು. ಅಕ್ಕನ ಒದ್ದೆ ಸೀರೆಯ ಅಡಿಯಲ್ಲಿ ನಾಲ್ಕು ಕಾಲಲ್ಲಿದ್ದ ನನ್ನನ್ನು ಭಾವ ಆರು ಗಂಟೆಗೆ ಬಂದು ನೋಡಿದರು.

ಮೊದಲು ಬಟ್ಟಲನ್ನು ತೆಗೆದುಕೊಂಡರು. ಬೆನ್ನಿಗೆ ಸಣ್ಣ ಡ್ರಿಲ್ಲಿನಿಂದ ತೂತು ಕೊರೆದು ಹಲ್ಲುಕಡ್ಡಿಯಿಂದ ಮೆಲ್ಲಗೆ ತಳ್ಳಿದರು. ಕಲ್ಲು ಅಂಗೈಗೆ ಬಂತು. ಅರ್ಧ ನಿಮಿಷದ ಕೆಲಸ. ಆಮೇಲೆ ಭೂತಗನ್ನಡಿ ಹಾಕಿಕೊಂಡು ಅಂಚು ನೋಡಿದರು.

"ಯಾರ ಕಲ್ಲಿದು?"

ಎಲ್ಲ ಹೇಳಿದೆ. ಹೇಳುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೊನೆಗೆ ನಾನು, "ನೀವೇ ಹೆಸರು ಹೇಳ್ಬೇಡ ಅಂದಿದ್ರಲ್ಲ ಭಾವ" ಎಂದೆ.

"ಅವರ ಹೆಸರು ಹೇಳ್ಬೇಡ ಅಂದ್ರೆ ನಿನ್ನ ಹೆಸರು ಹೇಳ್ಕೋ ಅಂತಲೇನೋ ದರಿದ್ರ?" ಎಂದಳು ಅಕ್ಕ.

ಭಾವ ಬೈಯುತ್ತಾರೆಂದು ಕಾದೆ. ಅವರು ಕಲ್ಲನ್ನು ಹತ್ತಿಯ ಮೇಲಿಟ್ಟು, ಕನ್ನಡಕ ಒರೆಸುತ್ತಾ, ನನ್ನ ಮುಖ ನೋಡದೆ ಕೇಳಿದರು: "ಆ ಉಂಗುರ... ನೋಡಿದವರು ಏನಂದ್ರು?"

"ಆಂ?"

"ಚೆನ್ನಾಗಿದೆ ಅಂದ್ರಾ?"

ಆಗ ನನಗೆ ಆದಷ್ಟು ನಾಚಿಕೆ ಅಲ್ಲಿಯವರೆಗಿನ ಜನ್ಮದಲ್ಲಿ ಒಟ್ಟಾಗಿ ಆಗಿರಲಿಲ್ಲ. ಭಾವ, ಅಂಚು ಕೂದಲೆಳೆಯಷ್ಟೂ ಒರಟಿಲ್ಲ ಅಂದರು, ಎಂದೆ. ಬಿಳೀ ಗೆರೆ ಸರಿಯಾಗಿ ನಡುವೆ ಬರುವ ಹಾಗೆ ಕೂರಿಸಿದವನ ಕಣ್ಣೇ ಕಣ್ಣು ಅಂದರು. ಒಬ್ಬ ಮೇಷ್ಟ್ರು ದಿನಾ ಅದನ್ನು ನೋಡಲೆಂದೇ ನನ್ನ ಸಾಲಿಗೆ ಬಂದು ನಿಲ್ಲುತ್ತಾರೆ. ಒಂದೊಂದನ್ನೂ ಹೇಳುತ್ತಾ ಹೋದೆ. ಭಾವ "ಹೌದಾ, ಹೌದಾ" ಎಂದು ತಲೆ ತಗ್ಗಿಸಿ ಕೇಳುತ್ತಿದ್ದರು. ಎರಡು ವರ್ಷ ಅವರ ಮನೆಗೆ ಬರಬೇಕಾದ ಪತ್ರಗಳನ್ನೆಲ್ಲ ನಾನೇ ಒಡೆದು ಓದಿಕೊಂಡಂತಾಗಿತ್ತು.

ಆಮೇಲೆ ಅವರು ಕಲ್ಲಿನ ಕಡೆ ತಿರುಗಿದರು. "ಇಲ್ಲಿ ಬೆಳ್ಳಿ ಸ್ವಲ್ಪ ಎತ್ತರ ತಂದ್ರೆ ಒಡೆದದ್ದು ಕಾಣಲ್ಲ. ಮುಚ್ಚೋದು ನಮಗೆ ಅಭ್ಯಾಸ. ಮುಚ್ಚಲಾ, ಹಾಗೇ ಬಿಡಲಾ? ನೀನು ಹೇಳು."

ಇಲ್ಲಿ ನಾನು ದೊಡ್ಡ ಮಾತೊಂದನ್ನು ಹೇಳಬೇಕಿತ್ತು.

"ಮುಚ್ಚಿಬಿಡಿ ಭಾವ" ಎಂದೆ.

ಬೀಳ್ಕೊಡುಗೆಯ ದಿನ ಬೈಂಡಿಂಗ್ ಅಮ್ಮ ಪದಕ ಹಾಕಿಕೊಂಡು ಬಂದರು. ಭಾಷಣದಲ್ಲಿ ಮುಖ್ಯಾಧಿಕಾರಿಗೆ ಒಂದು ಸಾಲು, ನನಗೆ ಮೂರು ಸಾಲು. "ಹತ್ತು ದಿನದಲ್ಲಿ ಮಾಡಿಕೊಟ್ರು. ನಮ್ಮನೆಯವ್ರು ಇದ್ದಿದ್ರೆ ಇವರ ಕೈ ಹಿಡ್ಕೊಂಡು ನೋಡ್ತಿದ್ರು" ಎಂದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ಕೈಮುಗಿದೆ. ಹೌದು, ಎದ್ದು ನಿಂತೆ.

ಸಭೆ ಮುಗಿದ ಮೇಲೆ ಅವರು ಹತ್ತಿರ ಬಂದರು. "ನಾಳೆಯಿಂದ ಈ ಕೈಗೆ ಕೆಲಸ ಇಲ್ಲ. ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ. ನನಗೂ ಈ ಕೆಲಸ ಕಲಿಸಿಕೊಡಿ. ಭಾನುವಾರ ಬರ್ಲಾ?"

ಆ ಭಾನುವಾರ ನನಗೆ ನೆಗಡಿ. ಮುಂದಿನ ಭಾನುವಾರ ನೆಂಟರು. ಮೂರನೆಯ ಸಲ ಫೋನಿನಲ್ಲಿ ಅವರು, "ನಿಮಗಿಷ್ಟ ಇಲ್ದಿದ್ರೆ ಬೇಡ ಬಿಡಿ, ಮುದುಕಿಗೆ ಕಲಿಸೋದು ಕಷ್ಟಾನೇ" ಎಂದರು. ಅವರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಕಳಕೊಂಡವರೇ ಕಳ್ಳನ ಮನೆಗೆ ಬಂದು ಕ್ಷಮೆ ಕೇಳಿದ ಹಾಗೆ. ಅವರಿಗೆ ಕೆಲಸ ಕಲಿಸುತ್ತೀರಾ ಎಂದು ನಾನು ಅಂದೇ ಭಾವನನ್ನು ಕೇಳಿದೆ. "ಬೇಡಪ್ಪಾ, ಹೊರಗಿನೋರು ಅಂದ್ರೆ ನನಗೆ ಕೈ ನಡುಗುತ್ತೆ" ಎಂದರು. ಅಕ್ಕ ಒಳಗಿನಿಂದಲೇ, "ಬರ್ಲಿ ಅನ್ನಿ. ಈ ಮನೇಲಿ ಕಲ್ಲಿನ ಮಾತು ಕೇಳೋಕೆ ನನಗೊಬ್ರು ಬದಲಿ ಬೇಕು" ಎಂದಳು.

ಬೈಂಡಿಂಗ್ ಅಮ್ಮನನ್ನು ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಮೆಟ್ಟಿಲಿನ ತಿರುವಿನಲ್ಲಿ, ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದೆ. ಉಂಗುರ ನಾನು ಮಾಡಿದ್ದಲ್ಲ. ಪದಕವೂ ಅಲ್ಲ. ನಾನು ಮಾಡಿದ್ದು ಒಂದೇ ಕೆಲಸ, ಕಲ್ಲು ಒಡೆದದ್ದು. ಅದು ಬೆಳ್ಳಿಯ ಅಡಿಯಲ್ಲಿದೆ.

ಅವರ ಕೈ ಪದಕಕ್ಕೆ ಹೋಯಿತು. "ಎಷ್ಟು ಒಡೆದಿದೆ?"

"ಎಳ್ಳಿನಷ್ಟಮ್ಮ."

"ಚೂರು?"

"ಸಿಗಲಿಲ್ಲ."

ಬೈದಿದ್ದರೆ ಬೆನ್ನು ಹಗುರವಾಗುತ್ತಿತ್ತು. ಅವರು ನನ್ನನ್ನು ದಾಟಿಕೊಂಡು ಮೆಟ್ಟಿಲು ಹತ್ತಿದರು. ಬಾಲ್ಕನಿಯಲ್ಲಿ ಎದ್ದು ನಿಂತಿದ್ದ ಭಾವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಇದನ್ನು ಮಾಡಿದ್ದು ನೀವಾ?" ಎಂದರು.

ಭಾವ ಡಾಕ್ಟರ ಮುಂದೆ ನಿಂತವರಂತೆ ಮುದುಡಿಕೊಂಡು, "ಹೌದಮ್ಮ, ತಪ್ಪಾಯ್ತು. ಮುಚ್ಚಬಾರದಿತ್ತು" ಎಂದರು.

"ಕೆಲಸ ಚೆನ್ನಾಗಿದೆ. ಈ ಅಂಚು ನಾನು ರಟ್ಟಿಗೆ ಬಟ್ಟೆ ಮಡಚೋದಕ್ಕಿಂತ ಚೆನ್ನಾಗಿದೆ" ಎಂದು ಸರ ಬಿಚ್ಚಿ ಮೇಜಿನ ಮೇಲಿಟ್ಟರು. "ಆದ್ರೆ ಇದನ್ನ ತೆರೆದುಬಿಡಿ. ಒಡೆದ ಜಾಗ ನನಗೆ ಕಾಣ್ಬೇಕು. ನಮ್ಮನೆಯವ್ರ ಕಲ್ಲು, ಏನಾಗಿದೆ ಅಂತ ನನಗೆ ಗೊತ್ತಿರ್ಬೇಕಲ್ವಾ?"

"ನೋಡಿದವರು ಕೇಳ್ತಾರಮ್ಮ" ಎಂದರು ಭಾವ.

"ಕೇಳ್ಲಿ. ಪದಕ ಹಲ್ಲಿನವರು ಮಾಡಿದ್ದು, ಈ ಮೂಲೆ ಮಾತ್ರ ನಮ್ಮ ಗುಮಾಸ್ತ್ರ ಕೆಲಸ ಅಂತ ಹೇಳ್ತೀನಿ." ಅವರು ನನ್ನ ಕಡೆ ತಿರುಗಲಿಲ್ಲ. ತಮಾಷೆಗೆ ಹೇಳಲೂ ಇಲ್ಲ.

ಭಾವ ಸಣ್ಣ ಅರ ತೆಗೆದುಕೊಂಡು ಬೆಳ್ಳಿಯ ಅಂಚನ್ನು ಉಜ್ಜತೊಡಗಿದರು. ಬೈಂಡಿಂಗ್ ಅಮ್ಮ ಕುರ್ಚಿ ಎಳೆದು ಪಕ್ಕದಲ್ಲೇ ಕೂತು, ಯಾವ ಬೆರಳು ಎಲ್ಲಿದೆ, ಅರ ಯಾವ ಕಡೆಗೆ ಹೋಗುತ್ತದೆ ಎಂದು ನೋಡುತ್ತಿದ್ದರು. ಹೊರಗಿನವರೆಂದರೆ ನಡುಗುವ ಭಾವನ ಕೈ ಆಗ ನಡುಗುತ್ತಿರಲಿಲ್ಲ.

ದೀಪದ ಬೆಳಕು ಸಾಲದೆಂದು ಟಾರ್ಚು ಹಿಡಿಯುವ ಕೆಲಸ ನನಗೆ ಕೊಟ್ಟರು. ಹಿಡಿದೆ. ಬೆಳ್ಳಿ ಪುಡಿಯಾಗಿ ಉದುರುತ್ತಾ ಹೋಗಿ, ನಾನು ಮೀಟಿದ ಜಾಗ ಸ್ವಲ್ಪಸ್ವಲ್ಪವೇ ಹೊರಗೆ ಬಂತು. ನೋಡಲಾರದೆ ಒಣಹಾಕಿದ ಬಟ್ಟೆಗಳ ಕಡೆ ಮುಖ ತಿರುಗಿಸಿದೆ.

"ಗುಮಾಸ್ತ್ರೇ, ಇಲ್ಲಿ ನೋಡ್ಕೊಂಡು ಹಿಡೀರಿ" ಎಂದರು ಬೈಂಡಿಂಗ್ ಅಮ್ಮ. "ಬೆಳಕು ಅಲ್ಲಾಡ್ತಿದೆ."